ಗ್ರಂಥಸ್ವಾಮ್ಯವೂ ವಿದ್ಯಾರ್ಥಿಯೂ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ದೇವಾಲಯಗಳೂ ಶಿಲಾಶಾಸನಗಳೂ ಇವೆ. ಅಂಥ ಒಂದು ಶಾಸನದ ಮುಂದೆ ಒಬ್ಬ ವಿದ್ಯಾರ್ಥಿ ಕುಳಿತು, ಕಲ್ಲಿನ ಮೇಲಣ ಅಕ್ಷರಗಳನ್ನು ಒಂದೊಂದಾಗಿ ತನ್ನ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿರುವನೆಂದು ಭಾವಿಸೋಣ. ಆ ಬರಹದ ಒಡೆತನದ ಬಗೆಗೆ ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಬರೆಯಿಸಿದ ಅರಸನೂ, ರಚಿಸಿದ ಕವಿಯೂ, ಕೆತ್ತಿದ ಕಲ್ಲುಕುಟಿಗನೂ ಗತಿಸಿ ಶತಮಾನಗಳೇ ಸಂದಿವೆ. ಇನ್ನು ಅದೇ ವಿದ್ಯಾರ್ಥಿ ಪುಸ್ತಕಭಂಡಾರಕ್ಕೆ ಹೋಗಿ, ವಿದ್ವಾಂಸರೊಬ್ಬರು ಇತ್ತೀಚೆಗೆ ಅಂಥ ಶಾಸನಗಳನ್ನು ಓದಿ, ಪಾಠವನ್ನು ನಿರ್ಣಯಿಸಿ, ಅರ್ಥವನ್ನೂ ಟಿಪ್ಪಣಿಯನ್ನೂ ಕೂಡಿಸಿ ಅಚ್ಚು ಹಾಕಿಸಿದ ಗ್ರಂಥವನ್ನು ತೆರೆಯುತ್ತಾನೆ. ಅದರ ನಾಲ್ಕು ಪುಟಗಳನ್ನು ಅವನು ನಕಲು ಮಾಡಿಕೊಳ್ಳಬಹುದೆ? ನಲವತ್ತು ಪುಟಗಳನ್ನು? ಇಡೀ ಗ್ರಂಥವನ್ನು? ಕಲ್ಲಿನಲ್ಲಿರುವುದು ಎಲ್ಲರ ಸೊತ್ತು. ವಿದ್ವಾಂಸರ ಶ್ರಮವೂ ವಿವೇಚನೆಯೂ ಬೆರೆತ ಅವರ ಬರಹ ಅವರದು. ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ವಿಜ್ಞಾನದ ವಿದ್ಯಾರ್ಥಿಗೆ ಈ ಪ್ರಶ್ನೆ ದಿನಬೆಳಗಾದರೆ ಎದುರಾಗುತ್ತದೆ. ಭೌತವಿಜ್ಞಾನದ ಉನ್ನತ ಗ್ರಂಥಗಳಲ್ಲಿ ಹಲವು ಹೊರದೇಶಗಳಲ್ಲಿ ಅಚ್ಚಾದವು. ಅವುಗಳಲ್ಲಿ ಸಾವಿರಾರು ರೂಪಾಯಿ ಬೆಲೆಯವೂ ಉಂಟು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅಂಥ ಗ್ರಂಥದ ಒಂದು ಪ್ರತಿ ಇದ್ದರೆ ಅದೇ ಭಾಗ್ಯ. ಅದನ್ನು ಬಯಸುವವರಾದರೋ ಒಂದು ತರಗತಿಯಷ್ಟು ಮಂದಿ. ಹೀಗಿರಲು, ಬೇಕಾದ ಒಂದೆರಡು ಅಧ್ಯಾಯಗಳನ್ನು ‘ಜೆರಾಕ್ಸ್’ ಮಾಡಿಸಿಕೊಳ್ಳುವುದು ಸಹಜವೇ ಸರಿ. ಇದು ಕಳವೋ, ಹಕ್ಕೋ? ನಮ್ಮ ಕಡೆಯ ಊರುಗಳಲ್ಲಿ ಇದಕ್ಕೆ ಎರಡು ಉತ್ತರಗಳು ಕೇಳಿಬರುತ್ತವೆ. “ಕಾಪಿರೈಟ್ ಇದೆಯಪ್ಪಾ, ಒಂದು ಪುಟವನ್ನೂ ಮುಟ್ಟುವ ಹಾಗಿಲ್ಲ” ಎಂಬುದು ಒಂದು. “ಓದಿಗೆ ತಾನೆ? ಇಡೀ ಪುಸ್ತಕವನ್ನೇ ಮಾಡಿಸಿಕೋ” ಎಂಬುದು ಇನ್ನೊಂದು. ಒಂದೇ ಅಂಗಡಿಯವನು ಬೆಳಗ್ಗೆ ಮೊದಲನೆಯದನ್ನೂ ಸಂಜೆ ಎರಡನೆಯದನ್ನೂ ಹೇಳುವುದುಂಟು! ಎರಡೂ ತಪ್ಪು. ಮೊದಲನೆಯದನ್ನು ನಂಬಿದ ವಿದ್ಯಾರ್ಥಿ ತನಗೆ ಸಲ್ಲಬೇಕಾದುದನ್ನು ಕಳೆದುಕೊಳ್ಳುತ್ತಾನೆ. ಎರಡನೆಯದನ್ನು ನಂಬಿದವನು ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ಕಳೆಯುತ್ತಾನೆ.

ನಮ್ಮ ದೇಶದ ಗ್ರಂಥಸ್ವಾಮ್ಯ ಕಾಯಿದೆ ೧೯೫೭ನೆಯ ಇಸವಿಯದು. ಜಾರಿಗೆ ಬಂದುದು ೧೯೫೮ರ ಜನವರಿ ೨೧ರಂದು. ಅಲ್ಲಿಂದೀಚೆಗೆ ಅದು ಹಲವು ಬಾರಿ ತಿದ್ದುಪಡಿ ಹೊಂದಿದೆ. ೨೦೧೨ರ ತಿದ್ದುಪಡಿ ಅವುಗಳಲ್ಲಿ ಮುಖ್ಯವಾದುದು. ಲೇಖಕನು ಬದುಕಿರುವಾಗ ಪ್ರಕಟವಾದ ಕೃತಿಯ ಮೇಲೆ ಅವನ ಜೀವಮಾನ ಪರ್ಯಂತವೂ, ಅವನು ತೀರಿಕೊಂಡ ಮರುವರ್ಷದ ಆರಂಭದಿಂದ ಅರುವತ್ತು ವರ್ಷಗಳವರೆಗೂ ಸ್ವಾಮ್ಯ ನಿಲ್ಲುತ್ತದೆ. ಮೊದಲು ಈ ಅವಧಿ ಐವತ್ತು ವರ್ಷಗಳಾಗಿತ್ತು. ೧೯೪೧ರಲ್ಲಿ ಕಾಲವಾದ ರವೀಂದ್ರನಾಥ ಠಾಕೂರರ ಕೃತಿಗಳ ಸ್ವಾಮ್ಯ ೧೯೯೧ರ ಕೊನೆಗೆ ಮುಗಿಯುವುದರಲ್ಲಿರುವಾಗ ಅವಧಿಯನ್ನು ಅರುವತ್ತಕ್ಕೆ ಏರಿಸಿದರು. ವಿಶ್ವಭಾರತಿಯ ಕೈಯಲ್ಲಿದ್ದ ಆ ಹಕ್ಕು ೨೦೦೧ರ ಕೊನೆಯವರೆಗೆ ಮುಂದುವರಿಯಿತು.

ಸ್ವಾಮ್ಯವು ಯಾವುದರ ಮೇಲೆ? ಇಲ್ಲಿ ಭೌತವಿಜ್ಞಾನದ ಉದಾಹರಣೆಯೇ ಸ್ಪಷ್ಟವಾದುದು. ಸರ್ ಸಿ. ವಿ. ರಾಮನ್ನರು ೧೯೭೦ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರೊಬ್ಬರೇ ಬರೆದು, ಅವರಿರುವಾಗಲೇ ಪ್ರಕಟವಾದ ಪುಸ್ತಕಗಳು ಮೇಲಿನ ಲೆಕ್ಕದಂತೆ ೨೦೩೧ರ ಜನವರಿ ೧ರಂದು ಸರ್ವರ ಸೊತ್ತಾಗತಕ್ಕವು. ಆದರೆ ರಾಮನ್ ಪರಿಣಾಮ? ಅದು ಯಾರ ಗ್ರಂಥಸ್ವಾಮ್ಯಕ್ಕೂ ಎಂದೂ ಒಳಪಟ್ಟಿರಲಿಲ್ಲ. ಚದರಿದ ಬೆಳಕಿನ ತರಂಗದೂರ ಬದಲಾಗುವುದೆಂಬ ಸಂಗತಿಯನ್ನು ಪ್ರಕಟವಾದ ಮರುದಿನವೇ ಯಾರು ಬೇಕಾದರೂ ತಮ್ಮ ಮಾತಿನಲ್ಲಿ ವಿವರಿಸಬಹುದಾಗಿತ್ತು. ನಿಸರ್ಗದ ನಿಯಮ, ಗಣಿತದ ಸೂತ್ರ, ಪ್ರಯೋಗದ ಅಂಕಿ, ಇವು ಯಾರೊಬ್ಬರ ಆಸ್ತಿಯೂ ಅಲ್ಲ. ಅವುಗಳನ್ನು ನಿರೂಪಿಸಿದ ವಾಕ್ಯಸರಣಿ, ಬಿಡಿಸಿದ ಚಿತ್ರ, ಆಯ್ದು ಜೋಡಿಸಿದ ಕ್ರಮ, ಇಷ್ಟೇ ಸ್ವಾಮ್ಯಕ್ಕೆ ಒಳಪಡುವುದು. ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ, ಒಂದು ನಾಟಕಕ್ಕೂ ಒಂದು ಚಲನಚಿತ್ರಕ್ಕೂ ನಡುವಣ ವ್ಯಾಜ್ಯವನ್ನು ತೀರ್ಮಾನಿಸುವಾಗ, ಈ ಭೇದವನ್ನು ಖಚಿತಪಡಿಸಿತು. ಆದುದರಿಂದ ಒಂದು ಅಧ್ಯಾಯವನ್ನು ಓದಿ, ಪುಸ್ತಕ ಮುಚ್ಚಿ, ತಿಳಿದುದನ್ನು ಸ್ವಂತ ಮಾತಿನಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಈ ಕಾಯಿದೆಯ ಭಯವೇ ಇಲ್ಲ. ಪರೀಕ್ಷೆಯ ದೃಷ್ಟಿಯಿಂದಲೂ ಅದೇ ಉತ್ತಮ ಮಾರ್ಗವೆಂಬುದು ಬೇರೆ ಮಾತು.

ಆದರೆ ಮೂಲದ ಮಾತೇ ಬೇಕಾಗುವ ಸಂದರ್ಭಗಳಿವೆ. ಅದಕ್ಕಾಗಿಯೇ ಕಾಯಿದೆಯ ೫೨ನೆಯ ಪ್ರಕರಣ ಇದೆ. ಯಾವ ಯಾವ ಕಾರ್ಯಗಳು ಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ ಎಂಬುದನ್ನು ಅದು ಎಣಿಸಿ ಹೇಳುತ್ತದೆ. ಸ್ವಂತ ಉಪಯೋಗಕ್ಕಾಗಿ, ಅದರಲ್ಲಿ ಸಂಶೋಧನೆಯೂ ಸೇರಿದಂತೆ, ನ್ಯಾಯೋಚಿತವಾಗಿ ಕೃತಿಯನ್ನು ಬಳಸಬಹುದು, ವಿಮರ್ಶೆಗಾಗಿ ಬಳಸಬಹುದು. ಪಾಠ ನಡೆಯುವ ಕ್ರಮದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಕೃತಿಯನ್ನು ಪುನರುತ್ಪಾದಿಸಬಹುದು. ಪ್ರಶ್ನೆಪತ್ರಿಕೆಯಲ್ಲಿ ಪುಸ್ತಕದ ಭಾಗವನ್ನು ಕೊಡಬಹುದು, ಉತ್ತರದಲ್ಲಿಯೂ ಬರೆಯಬಹುದು. (ಪುಸ್ತಕದ ಲೆಕ್ಕವನ್ನೇ ಪ್ರಶ್ನೆಪತ್ರಿಕೆಗೆ ಇಳಿಸುವ ಅಧ್ಯಾಪಕರು ಕಾಯಿದೆಯ ಮಟ್ಟಿಗಾದರೂ ನಿರಪರಾಧಿಗಳು!) ಕಂಪ್ಯೂಟರ್ ಕ್ರಮವಿಧಿಗಳನ್ನು ಮಾತ್ರ ಸ್ವಂತ ಉಪಯೋಗದ ಈ ಸಾಮಾನ್ಯ ವಿನಾಯಿತಿಯಿಂದ ಹೊರಗಿಟ್ಟು, ಅವಕ್ಕೆ ಬೇರೆ ನಿಬಂಧನೆಗಳನ್ನು ಮಾಡಲಾಗಿದೆ.

‘ನ್ಯಾಯೋಚಿತ’ವೆಂದರೆ ಎಷ್ಟು? ಇಷ್ಟು ಪುಟ, ಇಷ್ಟು ಪದ ಎಂದು ಕಾಯಿದೆ ಎಲ್ಲಿಯೂ ಹೇಳಿಲ್ಲ. ಶೇಕಡಾ ಹತ್ತರಷ್ಟು ನಕಲು ಮಾಡಿದರೆ ದೋಷವಿಲ್ಲವೆಂಬ ನಂಬಿಕೆ ಕಾಲೇಜುಗಳಲ್ಲಿ ಬಲವಾಗಿ ಬೇರೂರಿದೆ. ಅದರ ಬೇರು ಬೇರೊಂದೆಡೆಯಲ್ಲಿರಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಹೊರಡಿಸಿತು; ಪ್ರಬಂಧವೊಂದರಲ್ಲಿ ಶೇಕಡಾ ೧೦ರವರೆಗಿನ ಹೋಲಿಕೆಗೆ ಅವು ದಂಡವನ್ನು ವಿಧಿಸುವುದಿಲ್ಲ. ಅದು ಪರರ ಮಾತನ್ನು ತನ್ನದೆಂದು ತೋರಿಸುವ ಅಪ್ರಾಮಾಣಿಕತೆಗೆ ಸಂಬಂಧಪಟ್ಟ ಲೆಕ್ಕ, ಗ್ರಂಥಸ್ವಾಮ್ಯಕ್ಕೆ ಸಂಬಂಧಪಟ್ಟುದಲ್ಲ. ಮೂಲಲೇಖಕನ ಹೆಸರು ಹೇಳಿದ ಮಾತ್ರಕ್ಕೆ ಇಡೀ ಪುಸ್ತಕದ ನಕಲು ನ್ಯಾಯವಾಗದು. ಒಂದೇ ವಾಕ್ಯವನ್ನು ಹೆಸರು ಹೇಳದೆ ಎತ್ತಿಕೊಂಡರೂ ಅದು ಚೌರ್ಯವಾಗುವುದು ತಪ್ಪದು.

ಅಳತೆ ಯಾವುದೆಂಬುದನ್ನು ತಿಳಿಯುವ ಮೊದಲು, ಈ ತೊಡಕನ್ನು ತಂದೊಡ್ಡಿದ ಯಂತ್ರದ ಕಡೆಗೆ ಒಮ್ಮೆ ನೋಡೋಣ. ತಾಳೆಗರಿಯ ಕಾಲದಲ್ಲಿ ನಕಲು ಮಾಡುವುದು ಪುಣ್ಯಕಾರ್ಯವಾಗಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಪ್ರತಿಯ ಹಿಂದೆಯೂ ಎಷ್ಟೋ ದಿನಗಳ ಕೈಬರಹ ಇದ್ದ ಆ ಕಾಲದಲ್ಲಿ, ನಕಲು ಅತಿಯಾಯಿತೆಂಬ ದೂರಿಗೆ ಎಡೆಯೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿಯೂ ಬಡ ವಿದ್ಯಾರ್ಥಿಯ ಪಾಡು ಹೆಚ್ಚು ಭಿನ್ನವಾಗಿರಲಿಲ್ಲ. ಚೆಸ್ಟರ್ ಕಾರ್ಲ್‌ಸನ್ ಎಂಬ ಭೌತವಿಜ್ಞಾನದ ಪದವೀಧರ ಹಗಲು ಒಂದು ಸಂಸ್ಥೆಯ ಪೇಟೆಂಟ್ ವಿಭಾಗದಲ್ಲಿ ದುಡಿದು, ರಾತ್ರಿ ನ್ಯಾಯಶಾಸ್ತ್ರ ಓದುತ್ತಿದ್ದ. ಪುಸ್ತಕ ಕೊಳ್ಳಲು ಹಣವಿಲ್ಲದೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಿಂದ ಬರೆದುಕೊಳ್ಳುತ್ತಿದ್ದ. ಈ ಬೇಸರವೇ ಅವನನ್ನು ಹೊಸ ದಾರಿ ಹುಡುಕಲು ಹಚ್ಚಿತು.

೧೯೩೮ರ ಅಕ್ಟೋಬರ್ ೨೨ರಂದು ಅಸ್ಟೋರಿಯ ಎಂಬಲ್ಲಿ ಅವನೂ ಅವನ ಸಹಾಯಕ ಆಟೋ ಕೋರ್ನಿಯೂ ಗಂಧಕವನ್ನು ಲೇಪಿಸಿದ ಸತುವಿನ ತಗಡೊಂದನ್ನು ಬಟ್ಟೆಯಿಂದ ಉಜ್ಜಿದರು. ಗಂಧಕದ ಮೈಮೇಲೆ ವಿದ್ಯುದಾವೇಶ ನೆಲೆಸಿತು. ಗಾಜಿನ ಪಟ್ಟಿಯ ಮೇಲೆ ಆ ದಿನದ ತೇದಿಯನ್ನೂ ಸ್ಥಳದ ಹೆಸರನ್ನೂ ಮಸಿಯಿಂದ ಬರೆದು, ಅದನ್ನು ತಗಡಿನ ಮೇಲಿಟ್ಟು, ಕೆಲವು ಸೆಕೆಂಡುಗಳ ಕಾಲ ಪ್ರಖರವಾದ ಬೆಳಕನ್ನು ಹಾಯಿಸಿದರು. ಕತ್ತಲಲ್ಲಿ ಗಂಧಕ ವಿದ್ಯುತ್ತಿಗೆ ಅವಾಹಕ. ಬೆಳಕು ಬಿದ್ದೆಡೆ ಅದು ಅಲ್ಪಸ್ವಲ್ಪ ವಾಹಕವಾಗುತ್ತದೆ. ಆದಕಾರಣ ಬೆಳಕು ತಾಗಿದ ಕಡೆಯಲ್ಲೆಲ್ಲ ಆವೇಶವು ತಗಡಿಗೆ ಸೋರಿಹೋಯಿತು. ಮಸಿಯ ನೆರಳಿನಲ್ಲಿ ಮಾತ್ರ ಉಳಿಯಿತು. ಮೇಲೆ ಉದುರಿಸಿದ ಲೈಕೊಪೋಡಿಯಮ್ ಸಸ್ಯದ ಬೀಜಕಗಳ ಪುಡಿ ಆ ಆವೇಶಕ್ಕೆ ಅಂಟಿಕೊಂಡಿತು. ಊದಿದಾಗ ಉಳಿದ ಪುಡಿ ಹಾರಿಹೋಗಿ ಅಕ್ಷರಗಳು ಮೂಡಿದವು. ಮೇಣದ ಕಾಗದವನ್ನು ಒತ್ತಿ ಕಾಯಿಸಿದಾಗ ಬರಹ ಕಾಗದಕ್ಕೆ ಇಳಿಯಿತು. ಇಂದಿನ ಯಂತ್ರದಲ್ಲಿಯೂ ತತ್ತ್ವ ಇದೇ. ಗಂಧಕದ ಬದಲು ಸೆಲೆನಿಯಮ್ ಬಂತು, ಆಮೇಲೆ ಇಂಗಾಲದ ಸಂಯುಕ್ತಗಳು ಬಂದವು. ಬೀಜಕಗಳ ಬದಲು ಬಣ್ಣದ ಪ್ಲಾಸ್ಟಿಕ್ ಪುಡಿ. ಆ ಪುಡಿಯನ್ನು ಕರಗಿಸಿ ಕಾಗದಕ್ಕೆ ಹತ್ತಿಸುವುದರಿಂದಲೇ ಅಂಗಡಿಯವನು ಕೊಡುವ ಹಾಳೆ ಕೈಗೆ ಬೆಚ್ಚಗೆ ತಾಗುತ್ತದೆ. ೧೯೫೯ರಲ್ಲಿ ಜೆರಾಕ್ಸ್ ೯೧೪ ಎಂಬ ಯಂತ್ರ ಹೊರಬಂದ ಮೇಲೆ, ದಿನಗಟ್ಟಲೆಯ ಕೆಲಸ ನಿಮಿಷಗಳ ಕೆಲಸವಾಯಿತು. ಗ್ರಂಥಕಾರನಿಗೂ ಪ್ರಕಾಶಕನಿಗೂ ಚಿಂತೆ ಶುರುವಾಯಿತು.

ಆ ಚಿಂತೆ ನಮ್ಮ ದೇಶದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದುದು ೨೦೧೨ರ ಆಗಸ್ಟಿನಲ್ಲಿ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಶಾಲೆಯ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಎಂಬ ಪುಟ್ಟ ಅಂಗಡಿಯೊಂದಿತ್ತು. ಅಧ್ಯಾಪಕರು ನಿಗದಿ ಮಾಡಿದ ಓದಿನ ಭಾಗಗಳನ್ನು ಬೇರೆ ಬೇರೆ ಗ್ರಂಥಗಳಿಂದ ನಕಲು ಮಾಡಿ, ಒಟ್ಟಿಗೆ ಕಟ್ಟಿ, ಅದು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳೂ ಟೇಲರ್ ಅಂಡ್ ಫ್ರಾನ್ಸಿಸ್ ಸಂಸ್ಥೆಯೂ ಅಂಗಡಿಯ ಮೇಲೆಯೂ ವಿಶ್ವವಿದ್ಯಾಲಯದ ಮೇಲೆಯೂ ದಾವೆ ಹೂಡಿದವು. ೨೦೧೬ರ ಸೆಪ್ಟೆಂಬರ್ ೧೬ರಂದು ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ದಾವೆಯನ್ನು ವಜಾ ಮಾಡಿದರು. ಅವರ ತರ್ಕದ ಒಂದು ಎಳೆ ವಿಜ್ಞಾನದ ಓದುಗರಿಗೆ ವಿಶೇಷವಾಗಿ ರುಚಿಸಬಹುದು. ಹಿಂದೆ ವಿದ್ಯಾರ್ಥಿಗಳು ಪುಸ್ತಕಭಂಡಾರದಲ್ಲಿ ಕುಳಿತು ಕೈಯಿಂದ ಬರೆದುಕೊಳ್ಳುತ್ತಿದ್ದರು. ಅದನ್ನು ಯಾರೂ ಅಪರಾಧವೆನ್ನಲಿಲ್ಲ. ಕೈಯಿಂದ ಮಾಡಿದಾಗ ಅಪರಾಧವಲ್ಲದುದು, ಯಂತ್ರ ಬಂದು ಸುಲಭವಾದ ಮಾತ್ರಕ್ಕೆ ಅಪರಾಧವಾಗದು ಎಂಬುದು ಅದರ ಸಾರ.

ಮೇಲ್ಮನವಿಯ ಮೇಲೆ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದೇ ವರ್ಷದ ಡಿಸೆಂಬರ್ ೯ರಂದು ತೀರ್ಪಿತ್ತು, ಅಳತೆಗೋಲನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪಾಠವೆಂದರೆ ತರಗತಿಯೊಳಗಿನ ಒಂದು ಗಂಟೆ ಮಾತ್ರವಲ್ಲ. ಅಧ್ಯಾಪನದ ಇಡೀ ಕ್ರಮವೇ ಪಾಠ. ಪುಟಗಳ ಸಂಖ್ಯೆ ಮುಖ್ಯವಲ್ಲ. ಬೋಧನೆಯ ಉದ್ದೇಶಕ್ಕೆ ಎಷ್ಟು ಅವಶ್ಯವೋ ಅಷ್ಟು ನ್ಯಾಯೋಚಿತ. ನಕಲಾದ ಭಾಗಗಳು ಬೋಧನೆಗೆ ನಿಜವಾಗಿ ಅವಶ್ಯವಾಗಿದ್ದವೆ ಎಂಬುದನ್ನು ವಿಚಾರಿಸುವುದಕ್ಕಾಗಿ ಪೀಠವು ದಾವೆಯನ್ನು ಕೆಳಗೆ ಕಳುಹಿಸಿತು. ಆದರೆ ಪ್ರಕಾಶಕರು ೨೦೧೭ರ ಮಾರ್ಚಿನಲ್ಲಿ ದಾವೆಯನ್ನೇ ಹಿಂತೆಗೆದುಕೊಂಡರು. ಹಕ್ಕುದಾರರ ಪರವಾದ ಒಂದು ಸಂಸ್ಥೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿಯೂ ಅದರ ಮನವಿಗೆ ಪುರಸ್ಕಾರ ದೊರೆಯಲಿಲ್ಲ.

ಇದಕ್ಕಿಂತ ಮುಂಚೆಯೇ, ನಮ್ಮ ಉಡುಪಿಯಲ್ಲಿ ಹುಟ್ಟಿದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ೫೨ನೆಯ ಪ್ರಕರಣವನ್ನು ಮುಟ್ಟಿತ್ತು. ಡಾ. ಶಿವರಾಮ ಕಾರಂತರು ಯಕ್ಷಗಾನವನ್ನು ತಮ್ಮದೇ ರೀತಿಯಲ್ಲಿ ತಿದ್ದಿ ‘ಯಕ್ಷರಂಗ’ವೆಂಬ ನೃತ್ಯರೂಪವನ್ನು ಬೆಳೆಸಿ, ಅದಕ್ಕಾಗಿ ಏಳು ಪ್ರಸಂಗಗಳನ್ನು ಸಿದ್ಧಪಡಿಸಿದ್ದರು. ಅವರು ೧೯೯೭ರಲ್ಲಿ ತೀರಿಕೊಂಡ ಮೇಲೆ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ೨೦೦೧ರಲ್ಲಿ ದೆಹಲಿಯಲ್ಲಿ ಅವುಗಳಲ್ಲೊಂದನ್ನು ಪ್ರದರ್ಶಿಸಿತೆಂದು, ಕಾರಂತರ ಮರಣಶಾಸನದ ಮೂಲಕ ಹಕ್ಕು ಪಡೆದಿದ್ದ ಮಾಲಿನಿ ಮಲ್ಯರು ದಾವೆ ಹೂಡಿದರು. ೨೦೦೯ರ ಜನವರಿ ೨೩ರಂದು ಸರ್ವೋಚ್ಚ ನ್ಯಾಯಾಲಯ ಅವರ ಹಕ್ಕನ್ನು ಎತ್ತಿಹಿಡಿಯಿತು. ಪ್ರದರ್ಶನದ ಮೇಲಣ ತಡೆಯಾಜ್ಞೆಯನ್ನೂ ಉಳಿಸಿತು. ಆದರೆ ಅದಕ್ಕೆ ಒಂದು ಕಿಟಕಿಯನ್ನು ತೆರೆಯಿತು. ಸಂಶೋಧನೆ, ವಿಮರ್ಶೆಗಳನ್ನೊಳಗೊಂಡ ನ್ಯಾಯೋಚಿತ ಬಳಕೆಗೂ, ವಿದ್ಯಾಸಂಸ್ಥೆಯು ಕಾಯಿದೆಯ ಕಟ್ಟುಪಾಡಿನೊಳಗೇ ನಡೆಸುವ ಪ್ರದರ್ಶನಕ್ಕೂ ಈ ತಡೆ ಅನ್ವಯಿಸದು ಎಂದಿತು. ಆ ಕಟ್ಟುಪಾಡಿನಂತೆ ಆಡುವವರು ಸಂಸ್ಥೆಯ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಆಗಿರಬೇಕು. ನೋಡುವವರು ಅವರೂ, ಅವರ ತಂದೆತಾಯಿಗಳೂ, ಸಂಸ್ಥೆಗೆ ಸಂಬಂಧಪಟ್ಟವರೂ ಮಾತ್ರ ಆಗಿರಬೇಕು. ಕಾಲೇಜಿನ ವಾರ್ಷಿಕೋತ್ಸವದ ನಾಟಕ ಯಾವಾಗ ನಿರ್ಬಾಧಕ, ಯಾವಾಗ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಟಿಕೆಟ್ ಹಚ್ಚಿ ಊರಿನವರನ್ನೆಲ್ಲ ಕರೆದರೆ ಈ ಕಿಟಕಿ ಮುಚ್ಚಿತೆಂದೇ ತಿಳಿಯಬೇಕು.

ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡಕ್ಕೆ ಕೊಟ್ಟವರು. ಆ ಸಂಪುಟಗಳ ಮೇಲಣ ಅವರ ಸ್ವಾಮ್ಯ ೨೦೫೭ರ ಕೊನೆಯವರೆಗೆ ಇರುತ್ತದೆ. ಹಾಗಿದ್ದರೂ, ಅವುಗಳಿಂದ ಒಂದು ಅಧ್ಯಾಯವನ್ನು ತನ್ನ ಓದಿಗೆಂದು ನಕಲು ಮಾಡಿಕೊಳ್ಳುವ ವಿದ್ಯಾರ್ಥಿ ೨೦೫೮ರವರೆಗೆ ಕಾಯಬೇಕಾಗಿಲ್ಲ. ಅದೇ ವಿದ್ಯಾರ್ಥಿ ಇಡೀ ಸಂಪುಟದ ಚಿತ್ರಗಳನ್ನು ತೆಗೆದು ಕೈಫೋನಿನ ಮೂಲಕ ನೂರಾರು ಜನರ ಬಳಗಕ್ಕೆ ಹರಿಯಬಿಟ್ಟರೆ ಅದು ‘ಸ್ವಂತ ಉಪಯೋಗ’ ಹೇಗಾದೀತು? ಕೇರಳದ ಉಚ್ಚ ನ್ಯಾಯಾಲಯವು ೧೯೯೬ರಲ್ಲಿ ನಾಟಕವೊಂದರ ವ್ಯಾಜ್ಯದಲ್ಲಿ ಮೂರು ಅಂಶಗಳನ್ನು ಎತ್ತಿ ಹೇಳಿತು: ಎತ್ತಿಕೊಂಡ ಭಾಗದ ಪ್ರಮಾಣ ಮತ್ತು ಮಹತ್ತ್ವ, ಎತ್ತಿಕೊಂಡ ಉದ್ದೇಶ, ಎರಡು ಕೃತಿಗಳ ನಡುವೆ ಪೈಪೋಟಿಯ ಸಂಭವ. ಕನ್ನಡದಲ್ಲಿ ಈ ಮೂರನೆಯದೇ ನನಗೆ ಗುರುತರವಾಗಿ ತೋರುತ್ತದೆ. ಕನ್ನಡ ವಿಜ್ಞಾನ ಗ್ರಂಥವೊಂದು ಸಾವಿರ ಪ್ರತಿ ಅಚ್ಚಾದರೆ ದೊಡ್ಡ ಮಾತು. ನೂರೈವತ್ತು ರೂಪಾಯಿಯ ಪುಸ್ತಕದ ಇನ್ನೂರು ಗಿರಾಕಿಗಳು ತಪ್ಪಿದರೆ ಎರಡನೆಯ ಮುದ್ರಣವೇ ಇಲ್ಲ. ಲಂಡನ್ನಿನ ದೊಡ್ಡ ಪ್ರಕಾಶಕನ ಗ್ರಂಥದ ಒಂದು ಅಧ್ಯಾಯವನ್ನು ನಕಲು ಮಾಡುವುದೂ, ಧಾರವಾಡದ ಸಣ್ಣ ಪ್ರಕಾಶಕನ ಪುಸ್ತಕವನ್ನು ಇಡಿಯಾಗಿ ನಕಲು ಮಾಡುವುದೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ.

ಅಚ್ಚು ನಿಂತ ಪುಸ್ತಕಗಳ ಗತಿ ಬೇರೆಯೇ. ಅಂಗಡಿಯಲ್ಲಿ ಸಿಗುವುದಿಲ್ಲ, ಲೇಖಕ ತೀರಿಕೊಂಡಿದ್ದಾನೆ, ವಾರಸುದಾರರು ಯಾವ ಊರಿನಲ್ಲಿದ್ದಾರೋ! ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಸಾರ್ವಜನಿಕ ಗ್ರಂಥಾಲಯವು ತನ್ನ ಉಪಯೋಗಕ್ಕಾಗಿ ಮಾಡಿಕೊಳ್ಳಬಹುದೆಂದು ೫೨ನೆಯ ಪ್ರಕರಣ ಹೇಳುತ್ತದೆ. ಕನ್ನಡದ ಎಷ್ಟೋ ಹಳೆಯ ವಿಜ್ಞಾನ ಪುಸ್ತಕಗಳಿಗೆ ಈ ಮಾತು ಸಲ್ಲುತ್ತದೆ. ನಮ್ಮ ಗ್ರಂಥಪಾಲಕರು ಇದನ್ನು ಹೆಚ್ಚು ಬಳಸಿಕೊಳ್ಳಬೇಕು. ಅದನ್ನು ಮೀರಿ ಎಲ್ಲರಿಗೂ ತೆರೆದಿಡಲು ಹೊರಟರೆ ತೊಡಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳಾಗಿ ನಿಂತು ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡದ ಅನೇಕ ಹಳೆಯ ಪುಸ್ತಕಗಳೂ ಇದ್ದವು. ಗ್ರಂಥಸ್ವಾಮ್ಯದ ತಕರಾರಿನಿಂದಾಗಿ ೨೦೧೭ರಲ್ಲಿ ಅದನ್ನು ಮುಚ್ಚಬೇಕಾಯಿತು. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಬ್ರೈಲ್ ಲಿಪಿಗೋ ಧ್ವನಿಗೋ ಮಾರ್ಪಡಿಸುವುದಕ್ಕೆ ಮಾತ್ರ ೨೦೧೨ರ ತಿದ್ದುಪಡಿ ಉದಾರವಾಗಿ ಅವಕಾಶ ಕೊಟ್ಟಿದೆ. ಇದೇ ವಿಷಯದ ಮರಾಕೆಶ್ ಒಪ್ಪಂದವನ್ನು ೨೦೧೪ರಲ್ಲಿ ಮೊಟ್ಟಮೊದಲು ಸ್ಥಿರೀಕರಿಸಿದ ದೇಶವೂ ಭಾರತವೇ.

ಭಾಷಾಂತರದ ಮಾತನ್ನೂ ಇಲ್ಲಿಯೇ ಹೇಳಬೇಕು. ಇಂಗ್ಲಿಷಿನ ಅಧ್ಯಾಯವೊಂದನ್ನು ತನ್ನ ತಿಳಿವಳಿಕೆಗಾಗಿ ಕನ್ನಡಿಸಿಕೊಳ್ಳುವುದು ಸ್ವಂತ ಉಪಯೋಗವೇ ಸರಿ. ಅಚ್ಚು ಹಾಕಿಸಬೇಕಾದರೆ ಸ್ವಾಮ್ಯವುಳ್ಳವರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ? ಕಾಯಿದೆಯ ೩೨ನೆಯ ಪ್ರಕರಣವು ಬೋಧನೆ, ವ್ಯಾಸಂಗ, ಸಂಶೋಧನೆಗಳಿಗೆ ಬೇಕಾದ ವಿದೇಶೀ ಕೃತಿಯ ಭಾಷಾಂತರಕ್ಕೆ ನ್ಯಾಯಾಲಯದ ಮೂಲಕ ಪರವಾನಗಿ ಪಡೆಯುವ ದಾರಿಯನ್ನು ತೋರಿಸುತ್ತದೆ. ಸಾಮಾನ್ಯವಾಗಿ ಮೂಲಕೃತಿ ಪ್ರಕಟವಾಗಿ ಮೂರು ವರ್ಷಗಳಾಗಿರಬೇಕು. ಯಾವ ಮುಂದುವರಿದ ದೇಶದಲ್ಲಿಯೂ ಸಾರ್ವತ್ರಿಕ ಬಳಕೆಯಲ್ಲಿಲ್ಲದ ಭಾಷೆಗಾದರೆ ಒಂದೇ ವರ್ಷ. ಕನ್ನಡವು ಈ ಎರಡನೆಯ ಗುಂಪಿಗೆ ಸೇರುತ್ತದೆ. ರಾಯಧನವನ್ನು ಸಲ್ಲಿಸಲೇಬೇಕು, ಮೊದಲು ಒಪ್ಪಿಗೆ ಕೇಳಿದುದಕ್ಕೆ ಆಧಾರವೂ ಬೇಕು. ಕನ್ನಡದಲ್ಲಿ ವಿಜ್ಞಾನ ಬರೆಯಲು ಹೊರಟವರು ಈ ಪ್ರಕರಣವನ್ನು ಒಮ್ಮೆಯಾದರೂ ಓದುವುದು ಒಳ್ಳೆಯದು.

ಸಂಶೋಧನಾ ಪತ್ರಿಕೆಗಳ ವಿಷಯದಲ್ಲಿ ಪರಿಸ್ಥಿತಿ ಈಚೆಗೆ ಸ್ವಲ್ಪ ಹಗುರವಾಗಿದೆ. ಬೆಂಗಳೂರಿನಲ್ಲಿ ೧೯೩೪ರಲ್ಲಿ ರಾಮನ್ನರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಪದವಿ ತರಗತಿಯ ವಿದ್ಯಾರ್ಥಿಗಳಿಗೆಂದೇ ೧೯೯೬ರಿಂದ ಹೊರಡಿಸುತ್ತಿರುವ ‘ರೆಸೊನೆನ್ಸ್’ ಪತ್ರಿಕೆಯನ್ನು ಅಂತರಜಾಲದಲ್ಲಿ ಹಣ ಕೊಡದೆಯೇ ಓದಬಹುದು. ವಿದೇಶೀ ಪತ್ರಿಕೆಗಳಿಗಾಗಿ ಕೇಂದ್ರ ಸರ್ಕಾರ ೨೦೨೪ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೨೫ರಿಂದ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ. ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ೬,೩೦೦ ಸಂಸ್ಥೆಗಳು ಇದರ ವ್ಯಾಪ್ತಿಯಲ್ಲಿವೆ. ಸರ್ಕಾರಿ ಕಾಲೇಜಿನಲ್ಲಿ ಓದುವ ವಾಚಕರು ತಮ್ಮ ಕಾಲೇಜು ಇದರಲ್ಲಿ ನೋಂದಣಿಯಾಗಿದೆಯೆ ಎಂದು ಗ್ರಂಥಪಾಲಕರನ್ನು ಕೇಳಿ ನೋಡಬೇಕು.

ಈ ವ್ಯಾಪ್ತಿಗೆ ಸೇರದ ಕಾಲೇಜುಗಳವರಿಗೆ ಹಳೆಯ ಪದ್ಧತಿಯೊಂದು ಇನ್ನೂ ಉಳಿದಿದೆ. ೧೯೨೮ರಲ್ಲಿ ತಮ್ಮ ಹೊಸ ವಿಕಿರಣದ ಲೇಖನ ಅಚ್ಚಾದಾಗ ರಾಮನ್ನರು ಅದರ ಬಿಡಿಪ್ರತಿಗಳನ್ನು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದ್ದರು. ಹಾಗೆ ಕಳುಹಿಸುವುದೂ, ಬೇಕಾದವರು ಬರೆದು ಕೇಳುವುದೂ ವಿಜ್ಞಾನಿಗಳ ಲೋಕದಲ್ಲಿ ಬಹುಕಾಲದ ರೂಢಿ. ಲೇಖನದ ಮೊದಲ ಪುಟದಲ್ಲಿ ಲೇಖಕರ ವಿಳಾಸವಿರುತ್ತದೆ. ಓದುತ್ತಿರುವ ತರಗತಿ, ಬೇಕಾದ ಲೇಖನದ ಹೆಸರು, ಪತ್ರಿಕೆ, ವರ್ಷ ಇವಿಷ್ಟನ್ನು ಬರೆದು ಒಂದು ಪ್ರತಿಯನ್ನು ಕೇಳಿದರೆ ಸಾಕು.